ಎದುರಿಗೆ ಕೂತು ನೋಡಿದ ಗಡಿಯಾರ

ಉಗುರುಬೆಚ್ಚಗಿನ ನೀರಿನಲ್ಲಿ ಅಂಟವಾಳಕಾಯಿಯ ನೊರೆ ಎಬ್ಬಿಸಿ, ಕಸ್ತೂರಿ ಅತ್ಯಾಳ ಕೈಗಡಿಯಾರದ ಉಕ್ಕಿನ ಚೈನನ್ನು ಅದರೊಳಗೆ ಇಳಿಬಿಟ್ಟ ಸ್ವಲ್ಪ ಹೊತ್ತಿಗೆ ಬಟ್ಟಲಿನಿಂದ ಒಂದು ವಾಸನೆ ಎದ್ದಿತು. ಮೊದಲು ಒದ್ದೆ ಕಬ್ಬಿಣದ್ದು, ಆಮೇಲೆ ಅರಿಸಿನದ್ದು, ಅದರ ಹಿಂದೆ ಔಡಲೆಣ್ಣೆಯದ್ದು, ಎಲ್ಲಕ್ಕಿಂತ ಕೆಳಗೆ ತೀರ ತೆಳ್ಳಗೆ ಚಿಮಣಿ ಎಣ್ಣೆಯ ಹೊಗೆಯದ್ದು. ಮೂಗಿನ ನೆನಪಿಗೆ ಮೋಸವಿಲ್ಲ ಎನ್ನುತ್ತಾರೆ. ನಾನು ಅದನ್ನು ಪೂರ್ತಿ ನಂಬುವವಳಲ್ಲ. ಇತಿಹಾಸ ಓದಿ, ಅದನ್ನೇ ಕಾಲೇಜಿನಲ್ಲಿ ಕಲಿಸಿ ನಿವೃತ್ತಳಾದವಳು; ಸಾಕ್ಷಿ ಎಲ್ಲಿ ಎಂದು ಕೇಳುವುದು ನನಗೆ ಚಟವಾಗಿ ಹೋಗಿದೆ. ಇಷ್ಟು ಕಾಲದ ಮೇಲೂ ಚೈನಿನ ಕೊಂಡಿಗಳಲ್ಲಿ ಅರಿಸಿನದ ವಾಸನೆ ಉಳಿದೀತೆ? ಅಥವಾ ಬಟ್ಟಲು ಕಂಡ ಕೂಡಲೇ ನನ್ನ ತಲೆಯೇ ಅದನ್ನು ಕಲಸಿ ಕೊಟ್ಟಿತೆ? ಗೊತ್ತಿಲ್ಲ. ಆದರೆ ಆ ಗಳಿಗೆಯಲ್ಲಿ ಬೀದರಿನ ನನ್ನ ಅಡುಗೆಮನೆ ಹಿಂದೆ ಸರಿದು, ಭಾತಂಬ್ರಾದ ನಮ್ಮ ಮನೆಯ ಅಂಗಳ, ಅದರ ಮೂಲೆಯ ನೀರಿನ ಹೌದ, ಹೌದದ ಪಕ್ಕದ ಒಗೆಯುವ ಕಲ್ಲು, ಆ ಕಲ್ಲಿನ ಮೇಲೆ ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ಸಿಗಿಸಿಕೊಂಡು ಕೂತ ಅತ್ಯಾ, ಇಷ್ಟೂ ಒಟ್ಟಿಗೆ ಬಂದು ನಿಂತದ್ದು ನಿಜ.

ಕಸ್ತೂರಿ ಅತ್ಯಾ ನಮ್ಮಪ್ಪನ ತಂಗಿ. ಮದುವೆಯಾದ ವರ್ಷದೊಳಗೆ ಗಂಡ ತೀರಿಕೊಂಡು ತವರಿಗೆ ಬಂದಳು. ಮುತ್ಯಾ, ಅಂದರೆ ನಮ್ಮ ಅಜ್ಜ, ಅವಳನ್ನು ಮೂಲೆಯಲ್ಲಿ ಕೂರಲು ಬಿಡದೆ ಬೀದರಿಗೆ ಕರೆದೊಯ್ದು ನರ್ಸ್ ತರಬೇತಿಗೆ ಸೇರಿಸಿದ. ಕೆಲಸ ಸಿಕ್ಕಿದ್ದು ಔರಾದ ತಾಲೂಕಿನಲ್ಲಿ, ಎಕಂಬಾ ಮತ್ತು ಅದರ ಸುತ್ತಲಿನ ಊರುಗಳ ಹೆರಿಗೆಗಳು ಅವಳವು. ಕೆಲಸದ ಆದೇಶ ಬಂದ ವಾರವೇ ಮುತ್ಯಾ ಈ ಗಡಿಯಾರ ತಂದುಕೊಟ್ಟ. ಕೀಲಿ ಕೊಡುವ ಗಡಿಯಾರ, ಬಿಳಿ ಮುಖ, ನಡುವಿನಿಂದ ಹೊರಟು ಓಡುವ ಕೆಂಪು ಸೆಕೆಂಡಿನ ಮುಳ್ಳು. ನಿವೃತ್ತಿಯಾದ ಮೇಲೆ ಅತ್ಯಾ ಬೀದರಿನಲ್ಲಿ ನನ್ನ ತಮ್ಮ ಸೂರ್ಯಕಾಂತನ ಮನೆಯಲ್ಲಿದ್ದಳು. ಕೊನೆಯ ವರ್ಷಗಳಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಗಡಿಯಾರದ ಗಾಜೂ ಅವಳ ಜೊತೆಗೇ ಮಸುಕಾಯಿತು. ಆದರೂ ಬೆಳಿಗ್ಗೆ ಎದ್ದವಳೇ ತಡವಿ ಕೀಲಿ ಕೊಡುತ್ತಿದ್ದಳು, ಕಿವಿಗೆ ಹಿಡಿದು ಕೇಳುತ್ತಿದ್ದಳು, ಕಟ್ಟಿಕೊಳ್ಳುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಾಗ ಅದು ಸ್ಟೀಲಿನ ಡಬ್ಬಿಗೆ ಹೋಯಿತು.

ಅದನ್ನು ಹೊರಗೆ ತಂದವಳು ಸೂರ್ಯಕಾಂತನ ಮಗಳು ಅಂಬಿಕಾ. ನರ್ಸಿಂಗ್ ಓದು ಮುಗಿಸಿದ್ದಾಳೆ. ಬರುವ ಸೋಮವಾರ ಬೀದರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಸೇರುವವಳು. ಮುತ್ತಜ್ಜ ಕೊಟ್ಟ ಗಡಿಯಾರವನ್ನೇ ಕಟ್ಟಿಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಳು. ಅಪ್ಪ ಮಗಳು ಇಬ್ಬರೂ ಡಬ್ಬಿ ಹಿಡಿದುಕೊಂಡು ನನ್ನ ಮನೆಗೆ ಬಂದರು. ಸೂರ್ಯಕಾಂತ ಊರ ಹೊರಗಿನ ಕೊಳಾರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಕೆಲಸಕ್ಕೆ ಬಾರದ ಸರಕನ್ನು ಬೇರೆ ತೆಗೆದಿಡುವುದು ಅವನ ದಿನದ ಕೆಲಸ, ಮನೆಗೆ ಬಂದ ಮೇಲೂ ಆ ಕಣ್ಣು ಅವನನ್ನು ಬಿಡುವುದಿಲ್ಲ.

"ಅಕ್ಕಾ, ಇದು ಸತ್ತ ಗಡಿಯಾರ. ಸೆಲ್ ಹಾಕಸಾಮಂದ್ರ ಸೆಲ್ಲಿನ ಜಾಗಾನೇ ಇಲ್ಲ ಇದರಾಗ" ಎಂದ.

"ಸೆಲ್ಲಿಂದಲ್ಲೋ ಹುಚ್ಚಪ್ಪಾ, ಕೀಲಿ ಕೊಡೂದು. ಅತ್ಯಾ ದಿನಾ ನಿನ್ನ ಮುಂದೇ ಕೊಡ್ತಿದ್ಲಲ್ಲ."

"ಕೊಟ್ರೇನಾತು? ಟೈಮ್ ಕಾಣ್ಬೇಕಲ್ಲ. ಗಾಜಿಗಿ ಮೋತಿಬಿಂದು ಬಂದಂಗ ಆಗ್ಯಾದ. ನಾಳಿ ಪೇಷಂಟಿನ ನಾಡಿ ಹಿಡದು ಇಕಿ ಏನ್ ನೋಡ್ತಾಳ, ಪೊರಿ ನೋಡ್ತಾಳೇನು?"

"ಪಪ್ಪಾ, ನೀವು ಸುಮ್ಕಿರ್ರಿ. ನನಗ ಅದೇ ಬೇಕು" ಎಂದಳು ಅಂಬಿಕಾ.

"ಆತವಾ. ಅದಕ್ಕ ಕಣ್ಣು ಬಂದ್ರ ಕಟ್ಕೊ. ಇಲ್ಲಂದ್ರ ಐತವಾರ ಸಂಜಿಮುಂದ ಅಂಗಡಿಗಿ ಹೋಗಿ ಹೊಸಾದು ತರೂದೇ, ಮತ್ತ ಮುಖ ಉಬ್ಬಸಂಗಿಲ್ಲ" ಎಂದು ಸೂರ್ಯಕಾಂತ ಒಪ್ಪಂದಕ್ಕೆ ಬಂದ.

ಮರುದಿನ ಹಳೇ ಊರಿನ ಗಡಿಯಾರದ ರಿಪೇರಿಯವರ ಬಳಿ ಒಯ್ದೆ. ಅವರು ಬೆನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಮುಚ್ಚಿ ಕಿವಿಗೆ ಹಿಡಿದರು. "ಮಷೀನ್ ಬರಾಬರಿ ಅದರೀ ಅಮ್ಮಾ, ತೇಲ್ ಒಣಗಿತ್ತು ಅಷ್ಟೇ. ಗ್ಲಾಸ್ ಈ ಸೈಜಿಂದು ಹೈದರಾಬಾದಿಲಿಂದ ತರಸಬೇಕು, ಐತವಾರದೊಳಗ ಆಗೂ ಮಾತಲ್ಲ. ಮ್ಯಾಲಿನ ಹೊಲಸು ಮನ್ಯಾಗೇ ತಕ್ಕೋರಿ. ಕೀಲಿ ಒಳಗ ಒತ್ತಿರ್ಲಿ, ನಳದ ಕೆಳಗ ಮಾತ್ರ ಹಿಡೀಬ್ಯಾಡ್ರಿ" ಎಂದರು. ಹೀಗೆ ಗಡಿಯಾರ ನಡೆಯುತ್ತಲೇ ನನ್ನ ಕೈಗೆ ಬಂತು, ಕುರುಡಾಗಿಯೇ. ಅದನ್ನು ಹೇಗೆ ತೊಳೆಯಬೇಕೆಂದು ತಿಳಿದಿದ್ದವಳು ಅತ್ಯಾ ಒಬ್ಬಳೇ. ಅವಳ ಎದುರು ಕೂತು ನೋಡಿದವಳು ನಾನು. ಆಗ ನನಗೆ ಅಕ್ಷರವೂ ಬರುತ್ತಿರಲಿಲ್ಲ. ಅಷ್ಟು ಹಳೆಯ ನೆನಪನ್ನು ನಂಬಿ ಇನ್ನೊಬ್ಬರ ಗಡಿಯಾರದ ಮೇಲೆ ಕೈ ಇಡಬಹುದೇ?

ಭಾತಂಬ್ರಾದ ಆ ಮನೆ ಈಗಿಲ್ಲ. ಅಪ್ಪ ಕಾಕಾಂದಿರು ಪಾಲಾದ ಮೇಲೆ ಮಾಳಿಗೆ ಸೋರಿತು, ಗೋಡೆ ಜಗ್ಗಿತು, ಕಲ್ಲುಗಳನ್ನು ಯಾರೋ ಹೊತ್ತೊಯ್ದರು. ಆ ಜಾಗದಲ್ಲಿ ಇಂದು ಗೊಬ್ಬರ ಮಾರುವ ಅಂಗಡಿಯಿದೆ. ಒಮ್ಮೆ ಹೋಗಿ ನೋಡಿದಾಗ ಹೌದ ಎಲ್ಲಿತ್ತು ಎಂದು ಗುರುತಿಸಲು ನನಗಾಗಲಿಲ್ಲ. ಶಟರಿನ ಮುಂದೆ ನಿಂತು, ಇಲ್ಲಿ ಪಡಸಾಲೆ, ಇಲ್ಲಿ ಜೋಳದ ಕೋಣೆ, ಇಲ್ಲಿ ನಮ್ಮ ಅಜ್ಜಿ ಆಯಿಯ ಪೂಜೆಯ ಗೂಡು ಎಂದು ಹೆಜ್ಜೆ ಹಾಕಿದೆ. ಪ್ರತಿ ಸಲವೂ ಮನೆ ಬೇರೆ ಬೇರೆ ಅಳತೆಗೆ ಬಂತು. ಮಗುವಿನ ಕಾಲಿನಿಂದ ಅಳೆದ ಮನೆ ಅದು. ದೊಡ್ಡವರ ಹೆಜ್ಜೆಗೆ ಅದು ಹೇಗೆ ಕೂಡೀತು? ಆದರೆ ಶನಿವಾರದ ಸಂಜೆಗಳು ಮಾತ್ರ ಅಳತೆ ತಪ್ಪಿಲ್ಲ. ವಾರಕ್ಕೊಮ್ಮೆ ಅತ್ಯಾಳನ್ನು ಮನೆಗೆ ತರುವ ಭಾಲ್ಕಿಯ ಬಸ್ಸಿನ ಹಾರ್ನು ಊರ ಹೊರಗೆ ಕೇಳಿಸುವುದು. ಆಯಿ ಒಲೆಯ ಮೇಲಿನ ನೀರಿಗೆ ಅಂಟವಾಳದ ಸಿಪ್ಪೆ ಹಾಕುವುದು. ಹಿತ್ತಾಳೆಯ ಬಟ್ಟಲು, ಹಳೆ ಧೋತರ ಹರಿದು ಮಾಡಿದ ಮೆತ್ತಗಿನ ಅರಿವೆ, ಬೇವಿನ ಕಡ್ಡಿ ಇವನ್ನು ನನ್ನ ಕೈಗಿಡುವುದು. ನಾನು ಅವನ್ನು ಹೌದದ ಬಳಿ ಒಯ್ದು, ಅತ್ಯಾ ಕೂರುವ ಕಲ್ಲಿನ ಎದುರು ಮಣೆ ಹಾಕಿಕೊಂಡು ಮೊದಲೇ ಜಾಗ ಹಿಡಿಯುವುದು.

ಅತ್ಯಾ ಒಳಗೆ ಬರುವ ಮುಂಚೆ ಕೈ ತೊಳೆಯುತ್ತಿದ್ದಳು, ಆಮೇಲೆ ಗಡಿಯಾರ ತೊಳೆಯುತ್ತಿದ್ದಳು. ಅದು ವಾರವಿಡೀ ಅವಳ ಕೈಯಲ್ಲಿ ಇರುತ್ತಿದ್ದುದಕ್ಕಿಂತ ಬೇರೆಯವರ ಕೈಯಲ್ಲಿ ಇರುತ್ತಿದ್ದದ್ದೇ ಹೆಚ್ಚು. ಹೆರಿಗೆಯ ಮನೆಗೆ ಹೋದಾಗ ಅವಳು ಗಡಿಯಾರ ಬಿಚ್ಚಿ ಆ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡುತ್ತಿದ್ದಳು. ಆ ಮುದುಕಿ ಎರಡೂ ಅಂಗೈ ಜೋಡಿಸಿ, ಅದರ ಮೇಲೆ ಗಡಿಯಾರ ಇಟ್ಟುಕೊಂಡು, ಮುಖವನ್ನು ಅತ್ಯಾಳ ಕಡೆ ತಿರುಗಿಸಿ ಚಿಮಣಿಯ ಬೆಳಕಿನಲ್ಲಿ ಅಲುಗದೆ ಹಿಡಿಯಬೇಕು. ಅತ್ಯಾ ಅಲ್ಲಿಂದಲೇ ಓದಿ ನೋವಿನ ನಡುವಿನ ಬಿಡುವು ಎಣಿಸುತ್ತಿದ್ದಳು, ಮಗು ಬಂದ ಗಳಿಗೆ ಹೇಳುತ್ತಿದ್ದಳು. ಗಡಿಯಾರ ನೋಡಲು ಬಾರದ ಹೆಂಗಸರು ಅವರು. ಆದರೆ ಆ ಕೆಲಸಕ್ಕೆ ಒಂದು ಗತ್ತಿತ್ತು, ಅದಕ್ಕೊಂದು ಹೆಸರೂ ಬಿದ್ದಿತ್ತು, ವ್ಯಾಳ್ಯಾ, ಅಂದರೆ ವೇಳೆ, ಹಿಡಿಯುವುದು. ಅತ್ಯಾಳ ಮಣ್ಣಿಗೆ ಎಕಂಬಾದಿಂದ ಒಬ್ಬ ಹಣ್ಣು ಮುದುಕಿ ಬಂದಿದ್ದಳು, ಮೀಸೆ ನರೆತ ಒಬ್ಬ ಗಂಡಸಿನ ತೋಳು ಹಿಡಿದುಕೊಂಡು. "ಇಂವ ಹುಟ್ಟೂ ಮುಂದ ನಾನೇ ವ್ಯಾಳ್ಯಾ ಹಿಡದಿದ್ದೆ. ಕೈ ಸೋತ್ರೂ ಇಳಸಿರಲಿಲ್ಲ ನೋಡ್ರಿ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಆ ಗಂಡಸು ತಲೆ ತಗ್ಗಿಸಿ ನಿಂತಿದ್ದ, ಹುಟ್ಟಿದ ದಿನದ ಹುಡುಗನ ಹಾಗೆ.

ಹೀಗಾಗಿ ಚೈನಿನ ಸಂದಿಗಳಲ್ಲಿ ಅರಿಸಿನ ಕೂಡುತ್ತಿತ್ತು, ಎಣ್ಣೆ ಕೂಡುತ್ತಿತ್ತು, ಮಸಿ ಕೂಡುತ್ತಿತ್ತು. ಒಂದು ಸಂಜೆ ಅತ್ಯಾ ಇನ್ನೂ ಕಲ್ಲಿನ ಮೇಲೆ ಕೂತಿರುವಾಗ ಪಕ್ಕದ ಮನೆಯ ಶಾಂತವ್ವ ಗೋಡೆಯ ಮೇಲಿಂದ ಇಣುಕಿ ಆಯಿಯನ್ನು ಕೇಳಿದಳು: "ಹಡೆದ ಮನಿಲಿಂದ ಬಂದಾಳ, ಹಾಂಗೇ ಒಳಗ ಕರ್ಕೊತೀ ಏನವಾ? ಹೊರಗ ಕುಂದ್ರಸೀದಿ ಅಂದ್ರ ನೀನೂ ಸೂತಕ ನೋಡ್ತೀ ಅಂದಂಗಾತು." ಆಯಿ ಬಸವಣ್ಣನ ಮಾತಿನಲ್ಲಿ ಬೆಳೆದವಳು, ದಿನಾ ಇಷ್ಟಲಿಂಗ ಕೈಯಲ್ಲಿ ಹಿಡಿದು ಕೂರದೆ ನೀರು ಮುಟ್ಟಿದವಳಲ್ಲ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಒಳಗಿನಿಂದಲೇ ಉತ್ತರ ಕೊಟ್ಟಳು: "ನಮ್ಮೊಳಗ ಸೂತಕ ಇಲ್ಲ ಶಾಂತವ್ವಾ. ಹೊಲಸು ಅದ. ಹೊಲಸಿಗಿ ನೀರು ಅದ, ನೊರಿ ಅದ. ತೊಳಕೊಂಡ್ಳಂದ್ರ ಮುಗೀತು." ಅತ್ಯಾ ತಲೆಯೆತ್ತದೆ ನಕ್ಕಳು. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಮೇಲೂ ಸೂತಕಕ್ಕೂ ಕೊಳೆಗೂ ಇರುವ ವ್ಯತ್ಯಾಸವನ್ನು ಅಷ್ಟು ಚಿಕ್ಕದಾಗಿ ಹೇಳಲು ನನಗೆ ಬಂದಿಲ್ಲ.

ಆಯಿಗೆ ಆ ಗಡಿಯಾರದ ಮೇಲೆ ಅಷ್ಟು ಕಾಳಜಿ ಇದ್ದುದಕ್ಕೆ ಬೇರೆ ಕಾರಣವೂ ಇತ್ತು. ಇಲ್ಲಿ ನಾನು ನಿಧಾನಿಸಬೇಕು. ನನ್ನ ದಿನಚರಿಗಳಲ್ಲೇ ಈ ಪ್ರಸಂಗ ಮೂರು ಬಗೆಯಲ್ಲಿದೆ. ನಾನು ಕಂಡದ್ದೋ, ಕೇಳಿದ್ದೋ ಎಂದು ಪ್ರಮಾಣ ಮಾಡಲಾರೆ. ಗಡಿಯಾರ ಮನೆಗೆ ಬಂದ ಬೆಳಿಗ್ಗೆ ಆಯಿ ಪೂಜೆಗೆ ಕೂತಿದ್ದಳು. "ಮನಿಗಿ ಬಂದದ್ದು ಮೊದಲ ಲಿಂಗಕ್ಕ ತೋರಸಬೇಕು" ಎಂದು ಅದನ್ನು ತಟ್ಟೆಯಲ್ಲಿ ಇರಿಸಿಕೊಂಡಳು, ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಲಿಂಗಕ್ಕೆ ಮಜ್ಜನ ಮಾಡಿಸಿದ ಕೈ ರೂಢಿಯ ಮೇಲೆ ಗಡಿಯಾರಕ್ಕೂ ಒಂದು ಚಮಚ ನೀರು ಎರೆದುಬಿಟ್ಟಿತು. ಗಾಜಿನ ಒಳಗೆ ಮಂಜು ಕಟ್ಟಿತು, ಕೆಂಪು ಮುಳ್ಳು ನಿಂತಿತು. ಅತ್ಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಕಾ ಸುಮ್ಮನಿರಲಿಲ್ಲ: "ಅವ್ವಾ, ಗಡಿಯಾರಕ್ಕ ದೀಕ್ಷಾ ಕೊಟ್ಟಿ. ಇನ್ನ ಅದು ಪೂಜಿ ಮುಗಿಯೋತನಕ ನಡೆಯಂಗಿಲ್ಲ." ಆಯಿ ಕೂತಲ್ಲೇ ಹೇಳಿದಳಂತೆ: "ಎರಡು ಹನಿ ನೀರಿಗಿ ಉಸಿರುಗಟ್ಟೂ ಸಾಮಾನು, ಊರ ಮಂದಿ ಉಸಿರು ಹ್ಯಾಂಗ ಎಣಸ್ತದೋ." ಮುತ್ಯಾ ಅದನ್ನು ಎತ್ತಿ, ಅರಿವೆಯಲ್ಲಿ ಸುತ್ತಿ, ಬಿಸಿಲಿಗೆ ಕಾಯಿಸಿದ ಜೋಳದ ಗಡಿಗೆಯೊಳಗೆ ಹುಗಿದಿಟ್ಟ. ಹೊರಗೆ ತೆಗೆದಾಗ ಮಂಜು ಹೋಗಿತ್ತು, ಕೀಲಿ ಕೊಟ್ಟರೆ ಮುಳ್ಳು ಓಡಿತು. ಬಿಳಿ ಮುಖದ ಮೇಲೆ ಸಾಸಿವೆಯಷ್ಟು ಒಂದು ಕಂದು ಕಲೆ ಮಾತ್ರ ಉಳಿಯಿತು. ಅಲ್ಲಿಂದ ಆಯಿಯ ಕಾನೂನು ಹುಟ್ಟಿತು: "ನೀರು ಅರಿವಿಗಿ ಕುಡಸು, ಗಡಿಯಾರಕ್ಕ ಬ್ಯಾಡ." ತನ್ನ ಕೈಯಿಂದಾದದ್ದಕ್ಕೆ ತಾನೇ ಪರಿಹಾರ ಹುಡುಕಿದವಳ ಹಾಗೆ, ಗಾಜಿಗೆ ಗೀರು ಬಿದ್ದಾಗಲೆಲ್ಲ ಪೂಜೆಯ ವಿಭೂತಿಯಿಂದಲೇ ತಿಕ್ಕಿ ಬೆಳಗಿಸಿ ಕೊಡುತ್ತಿದ್ದಳು. "ಹಣಿಗಿ ಹಚ್ಚೂದು ಯಾಕ? ಬೆಳಕು ಬರ್ಲಿ ಅಂತ. ಇದಕ್ಕೂ ಬರ್ಲಿ."

ಭಾನುವಾರ ಮಧ್ಯಾಹ್ನ ಅಂಬಿಕಾಳ ಮುಂದೆ ಇದನ್ನೆಲ್ಲ ಹೇಳುತ್ತ ಕೆಲಸಕ್ಕೆ ಕೂತೆ. ಅವಳ ಹಿಂದೆಯೇ ಬಂದಿದ್ದ ಸೂರ್ಯಕಾಂತ ಕುರ್ಚಿಯಲ್ಲಿ ಒರಗಿ ಚಹಾ ಕುಡಿಯುತ್ತಿದ್ದ. "ಮಜ್ಜನಾ ಇಲ್ಲ, ಕಲಿನೂ ಇಲ್ಲ" ಎಂದ. "ಆಯಿಗಿ ಕಾಡಸ್ಲಾಕ ಕಾಕಾ ಕಟ್ಟಿದ ಕತಿ ಅದು. ವಿಭೂತಿಲಿಂದ ತಿಕ್ತಿದ್ದದ್ದು ಹಿತ್ತಾಳಿ ತಂಬಗಿ. ನೀ ಎರಡೂ ಕಲಸೀದಿ."

"ಆ ಕಂದು ಕಲಿ ನಾ ನೋಡೀನೋ. ನಾಲ್ಕರ ಹತ್ರ ಇತ್ತು."

"ಅತ್ಯಾ ನಮ್ಮ ಮನ್ಯಾಗ ಎಷ್ಟು ವರ್ಷ ಇದ್ಲು, ನಾಲ್ಕರ ಹತ್ರ ನನಗೊಂದೂ ಕಂಡಿಲ್ಲ. ಬೂದಿ ಹಚ್ಚಿ ಇದ್ದ ಗಾಜೂ ಹಾಳ್ ಮಾಡಬ್ಯಾಡ."

ಅವನು ಹೇಳಿದ್ದರಲ್ಲಿ ತರ್ಕವಿತ್ತು, ಅದೇ ನನ್ನನ್ನು ಚುಚ್ಚಿದ್ದು. ಎರಡು ನೆನಪು ಅಂಟಿಕೊಂಡು ಒಂದಾಗುವುದನ್ನು ನಾನು ಬೇರೆಯವರ ಬರಹದಲ್ಲಿ ಎಷ್ಟೋ ಸಲ ತೋರಿಸಿಕೊಟ್ಟಿದ್ದೇನೆ. ಆದರೂ ಅನುಮಾನವಿಲ್ಲದ ಕೆಲಸದಿಂದ ಶುರು ಮಾಡಿದೆ. ಚೈನನ್ನು ಬಿಚ್ಚಿ ಬೇರೆ ಮಾಡಿ ನೊರೆಗೆ ಬಿಟ್ಟೆ. ಆಗಲೇ ಆ ವಾಸನೆ ಎದ್ದದ್ದು. ನೆನೆದ ಮೇಲೆ ಹಳೆಯ ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಗಳನ್ನು ಉಜ್ಜಿದೆ, ಬ್ರಷ್ ಹೋಗದ ಕಡೆ ಬೇವಿನ ಕಡ್ಡಿಯ ತುದಿ ಆಡಿಸಿದೆ. ಕಪ್ಪು ಮೇಣದಂಥದ್ದು ಎಳೆಎಳೆಯಾಗಿ ಬಂತು. ನೀರು ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು. ಔರಾದ ತಾಲೂಕಿನ ಎಷ್ಟು ಮನೆಗಳ ಅಂಗೈ ಆ ನೀರಿನಲ್ಲಿ ಕರಗುತ್ತಿತ್ತು! ತೊಳೆದುಬಿಟ್ಟರೆ ಆ ಹೆಂಗಸರ ಮುಟ್ಟಿದ ಗುರುತೂ ಹೋಯಿತು ಎಂದು ನನ್ನ ಕೈ ನಿಂತಿತು. ಅಂಬಿಕಾ ನನ್ನ ಮುಖ ನೋಡಿದಳು. "ಯಾಕ್ರೀ ಅತ್ಯಾ, ಹೊಲಸು ನೀರಿಗಿ ಕಣ್ಣೀರು ಬೆರಸ್ಲತ್ತೀರಿ? ಇದನ್ನ ಬಾಟಲಿಗಿ ತುಂಬಿ ಇಡ್ತೀರೇನು ಮತ್ತ?" ಎಂದಳು. ಅವಳಿಗೆ ಬೇಕಾದದ್ದು ಗುರುತಲ್ಲ, ಗಡಿಯಾರ. ಅತ್ಯಾಳಿಗೆ ಬೇಕಾಗಿದ್ದದ್ದೂ ಅದೇ; ವಾರ ವಾರ ಅವಳೇ ಆ ಗುರುತುಗಳನ್ನು ತೊಳೆದು ಚೆಲ್ಲುತ್ತಿದ್ದಳು, ಮುಂದಿನ ಮನೆಯ ಕೂಸಿಗಾಗಿ. ಎದ್ದು ಆ ನೀರನ್ನು ದಾಸವಾಳದ ಬುಡಕ್ಕೆ ಹಾಕಿ ಬಂದೆ. ಚೈನನ್ನು ಎರಡನೇ ನೀರಿನಲ್ಲಿ ಜಾಲಿಸಿ, ಒರೆಸಿ, ನೆರಳಿಗೆ ಒಣಗಲು ಹಾಕಿದೆ.

ಗಡಿಯಾರದ ಮೈಗೆ ನೀರು ತೋರಿಸಲಿಲ್ಲ. ಅರಿವೆಯನ್ನು ನೊರೆಯಲ್ಲಿ ಅದ್ದಿ, ಹನಿಯೂ ಬೀಳದಂತೆ ಹಿಂಡಿ, ಅಂಚು, ಬೆನ್ನು, ಕೀಲಿಯ ಸುತ್ತ ಒರೆಸಿದೆ. ಹಿಂದೆಯೇ ಒಣ ಅರಿವೆ. ನಿಮ್ಮಲ್ಲೂ ಯಾರ ಮನೆಯಲ್ಲಾದರೂ ಇಂಥದ್ದೊಂದು ಡಬ್ಬಿಯಲ್ಲಿ ಮಲಗಿದ್ದರೆ ಇಷ್ಟು ನೆನಪಿಡಿ: ಹುಣಸೆಹುಳಿ, ನಿಂಬೆಹಣ್ಣು, ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿನ ದ್ರಾವಣ ಇವು ಪಾತ್ರೆಗೂ ಬಚ್ಚಲಿಗೂ ಸರಿ, ಗಡಿಯಾರದ ಮೈಗೆ ಅಲ್ಲ. ಚರ್ಮದ ಪಟ್ಟಿಯಾದರೆ ನೆನೆಸಲೂ ಬಾರದು. ಆಯಿಯ ಕಾನೂನು ಎಲ್ಲಕ್ಕೂ ಸಾಕು.

ಉಳಿದದ್ದು ಗಾಜು. ಉಗುರಿನಿಂದ ತಟ್ಟಿದರೆ ಟಿಣ್ ಎನ್ನಲಿಲ್ಲ, ಮಂದವಾಗಿ ಟಪ್ ಎಂದಿತು. ಹಳೆಯ ಗಡಿಯಾರಗಳಲ್ಲಿ ಇರುತ್ತಿದ್ದ ಪ್ಲಾಸ್ಟಿಕ್ ಗಾಜು. ತಿಕ್ಕಿದರೆ ಬೆಳಗುವುದು ಅಂಥದ್ದೇ, ನಿಜವಾದ ಗಾಜಿನ ಗೀರು ಹೀಗೆ ಹೋಗುವುದಿಲ್ಲ ಎಂದು ರಿಪೇರಿಯವರೂ ಹೇಳಿದ್ದರು. ಆದರೆ ಯಾವುದರಿಂದ ತಿಕ್ಕುವುದು? ಆಯಿಯ ವಿಭೂತಿ ನನ್ನ ನೆನಪೋ, ತಮ್ಮ ಹೇಳಿದಂತೆ ತಂಬಿಗೆಯಿಂದ ಜಾರಿಬಂದದ್ದೋ? ತಪ್ಪಿದರೆ ಪೊರೆ ಇನ್ನೂ ದಪ್ಪವಾಗುತ್ತದೆ, ಸಂಜೆ ಹೊಸ ಗಡಿಯಾರ ಬರುತ್ತದೆ, ಇದು ಡಬ್ಬಿಗೆ ಹೋಗುತ್ತದೆ, ಇನ್ನು ಅದನ್ನು ತೆರೆಯುವವರು ಯಾರೂ ಇರುವುದಿಲ್ಲ. ಭೂತಗನ್ನಡಿ ಹಿಡಿದು ಗಾಜು ಲೋಹಕ್ಕೆ ಕೂಡುವ ಸಣ್ಣ ಗೆರೆಯ ಸುತ್ತ ಕಡ್ಡಿ ಆಡಿಸುತ್ತಿದ್ದೆ, ಕೊಳೆ ಬಿಡಿಸಲೆಂದು. ಮೊದಲು ಕಪ್ಪು ಬಂತು. ಅದರ ಕೆಳಗೆ, ಕಪ್ಪಿಗಿಂತ ಹಳೆಯದಾಗಿ, ಗೆರೆಯುದ್ದಕ್ಕೂ ಒತ್ತಿ ಕೂತಿದ್ದ ಬೆಳ್ಳಗಿನ ಪುಡಿ ಬಂತು. ಬೆರಳ ತುದಿಗೆ ಒತ್ತಿಕೊಂಡು ಉಜ್ಜಿದೆ. ನುಣ್ಣಗೆ ಜಾರಿತು, ಹಣೆಗೆ ಹಚ್ಚಿದ ಮೇಲೆ ಬೆರಳಲ್ಲಿ ಉಳಿಯುವ ಹಾಗೆ.

"ಸೂರ್ಯಾ, ಇಲ್ಲಿ ಬಾ. ಇದೇನು ನೋಡು."

ಅವನು ಚಹಾದ ಕಪ್ಪು ಇಟ್ಟು ಬಂದು, ನನ್ನ ಬೆರಳು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ತಾನೂ ಒಂದು ಚೂರು ತೆಗೆದುಕೊಂಡು ಹೆಬ್ಬೆರಳಲ್ಲಿ ಹೊಸಕಿದ. "ತಂಬಗಿ ಒಳಗ ಗಡಿಯಾರ ಇತ್ತೇನೋ" ಎಂದು ಸಣ್ಣ ದನಿಯಲ್ಲಿ ಹೇಳಿ, ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತ. ಸಾಕ್ಷಿ ಕೇಳುತ್ತ ಬದುಕಿದವಳಿಗೆ ಆ ಬಿಳಿ ಪುಡಿಗಿಂತ ದೊಡ್ಡ ದಾಖಲೆ ಯಾವ ಕಚೇರಿಯಲ್ಲಿ ಸಿಕ್ಕೀತು?

ಆದರೂ ಆಯಿಯಷ್ಟು ಧೈರ್ಯ ನನಗಿಲ್ಲ. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಮರಳಿನ ಕಣವಿಲ್ಲವೆಂದು ಬೆರಳಲ್ಲಿ ನೋಡಿಕೊಂಡೆ. ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಮೊದಲು ತಿಕ್ಕಿದೆ; ಗೀರು ಸಣ್ಣದಾಯಿತು. ಲೋಹದ ಅಂಚಿಗೆ ಅಂಟುಪಟ್ಟಿ ಸುತ್ತಿ ಮರೆ ಮಾಡಿ, ಒದ್ದೆ ಮಾಡಿ ಹಿಂಡಿದ ಅರಿವೆಗೆ ಚಿಟಿಕೆ ಬೂದಿ ತಗುಲಿಸಿ, ಗಾಜಿನ ಮೇಲೆ ಸಣ್ಣ ಸಣ್ಣ ಸುತ್ತು ಹಾಕಿದೆ. ಬೂದಿ ಇಲ್ಲದವರು ಬಿಳಿ ಹಲ್ಲುಪೇಸ್ಟನ್ನು ಅವರೆಕಾಳಿನಷ್ಟು ತೆಗೆದುಕೊಂಡರೂ ನಡೆಯುತ್ತದೆ. ಕೈ ಯಾವ ಲಯದಲ್ಲಿ ತಿರುಗಬೇಕೆಂದು ನಾನು ಯೋಚಿಸಲಿಲ್ಲ, ಅದಕ್ಕೇ ಗೊತ್ತಿತ್ತು. ಒತ್ತದೆ, ಅವಸರ ಮಾಡದೆ, ನಡುವೆ ಒರೆಸಿ ನೋಡುತ್ತ. ಸೂರ್ಯಕಾಂತ ಈಗ ಬಗ್ಗಿ ನೋಡುತ್ತಿದ್ದ. ಒರೆಸಿದಾಗೊಮ್ಮೆ "ಇನ್ನೊಂದೀಟು" ಎನ್ನುತ್ತಿದ್ದ. ಮೊದಲು ಕೆಂಪು ಮುಳ್ಳಿನ ಓಟ ಕಂಡಿತು, ಮಂಜಿನಾಚೆ ಯಾರೋ ನಡೆದ ಹಾಗೆ. ಆಮೇಲೆ ಅಂಕಿಗಳು ಬಂದವು. ಕೊನೆಗೆ ಬಿಳಿ ಮುಖ ಪೂರ್ತಿ ಬಂತು.

ಅಂಬಿಕಾ ಚಪ್ಪಾಳೆ ತಟ್ಟಿದಳು. ನಾನು ನಾಲ್ಕರ ಹತ್ತಿರ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಹಾಲಿನಂಥ ಬಿಳುಪು. ಗಾಜು ಗೆದ್ದಿತ್ತು, ನಾನು ಸೋತಿದ್ದೆ. ಹಾಗಾದರೆ ಮಜ್ಜನವೂ ಕಾಕಾನ ಕತೆಯೇ? ತಟ್ಟೆಯಲ್ಲಿಟ್ಟ ಗಡಿಯಾರ, ಚಮಚದ ನೀರು, ಬಾಯಿಗೊತ್ತಿದ ಸೆರಗು, ಇಷ್ಟು ವರ್ಷ ನಾನು ಸಾಕಿಕೊಂಡು ಬಂದ ಆ ಬೆಳಿಗ್ಗೆ ನಡೆದೇ ಇರಲಿಲ್ಲವೇ? ಅಷ್ಟರಲ್ಲಿ ನನ್ನೆದುರು ಮಣೆಯ ಮೇಲೆ ಕೂತಿದ್ದ ಅಂಬಿಕಾ ಬಗ್ಗಿ ಬೆರಳು ತೋರಿಸಿದಳು.

"ಅದಲ್ಲೇನ್ರಿ ಅತ್ಯಾ, ಕಂದು ಚುಕ್ಕಿ? ನೀವು ಹೇಳಿದಲ್ಲೇ ಅದ. ಬಲಕ್ಕ, ಕೆಳಗ."

ಅವಳ ಬೆರಳು ಹತ್ತರ ಅಂಕಿಯ ಬಳಿ ಇತ್ತು. ನನಗೆ ಎಡಕ್ಕೆ, ಮೇಲೆ. ಎದುರಿಗೆ ಕೂತ ಅವಳಿಗೆ ಬಲಕ್ಕೆ, ಕೆಳಗೆ. ಸರಿಯಾಗಿ ನೋಡುವವರಿಗೆ ನಾಲ್ಕು ಇರುವ ಜಾಗ. ಸಾಸಿವೆಯಷ್ಟು ಕಲೆ, ನೀರು ಒಣಗಿ ಉಳಿದ ಅಂಚು ಸಮೇತ.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಂಕಿ ಓದಲು ಬಾರದ ಕೂಸು ನಾನು ಆಗ. ಮಣೆಯ ಮೇಲೆ ಅತ್ಯಾಳ ಎದುರು ಕೂತು ಗಡಿಯಾರವನ್ನು ತಲೆಕೆಳಗಾಗಿ ನೋಡುತ್ತಿದ್ದವಳು. ಕಂಡದ್ದು ಜಾಗವೇ ಹೊರತು ಅಂಕಿಯಲ್ಲ. ನಾಲ್ಕು ಎಂಬುದು ಆಮೇಲೆ, ಓದು ಬಂದ ಮೇಲೆ, ನಾನೇ ಅಂಟಿಸಿದ್ದು. ನೆನಪು ತಪ್ಪಿರಲಿಲ್ಲ; ಅದು ಕೂತ ಜಾಗ ಬಿಟ್ಟು ಎದ್ದಿರಲಿಲ್ಲ, ಅಷ್ಟೆ. ಅಳತೆಗೆ ಸಿಗದೆ ಹೋದ ಆ ಮನೆಯಲ್ಲಿ ಮಣೆ ಎಲ್ಲಿತ್ತು, ಕಲ್ಲು ಎಲ್ಲಿತ್ತು, ಯಾರು ಯಾರಿಗೆ ಎದುರಾಗಿದ್ದರು ಎಂಬುದನ್ನು ಒಂದು ಚಮಚ ನೀರಿನ ಕಲೆ ಕಾಯ್ದುಕೊಂಡು ಬಂದಿತ್ತು.

"ಹತ್ತರ ಹತ್ರ ಇದ್ದದ್ದು ನಾ ಎಂದೂ ನಾಲ್ಕರ ಹತ್ರ ಹುಡುಕಿದ್ರ ಹ್ಯಾಂಗ ಕಾಣ್ತದ?" ಎಂದು ಸೂರ್ಯಕಾಂತ ತನ್ನನ್ನು ತಾನೇ ಬೈದುಕೊಂಡ. ಚೈನನ್ನು ಅವನೇ ಕೂಡಿಸಿದ, ಅವನೇ ಮಗಳ ಕೈಗೆ ಕಟ್ಟಿದ. ಸಂಜೆ ಅಂಗಡಿಗೆ ಯಾರೂ ಹೋಗಲಿಲ್ಲ.

ಸೋಮವಾರ ಅಂಬಿಕಾ ಡ್ಯೂಟಿ ಮುಗಿಸಿ ತನ್ನ ಮನೆಗೆ ಹೋಗದೆ ನನ್ನಲ್ಲಿಗೆ ಬಂದಳು. ಬಾಗಿಲ ಹೊರಗೇ ನಿಂತು, "ಅತ್ಯಾ, ಒಳಗ ಬರೂದಕಿಂತ ಮೊದಲ ಬಟ್ಟಲು ಕೊಡ್ರಿ. ನಮ್ಮೊಳಗ ಸೂತಕ ಇಲ್ಲ, ಹೊಲಸು ಅದ" ಎಂದಳು. ಆಯಿಯನ್ನು ಅವಳು ಕಂಡವಳಲ್ಲ. ವಾರ್ಡಿನಲ್ಲಿ ಕೈಗೆ ಕಟ್ಟುವ ಹಾಗಿಲ್ಲವಂತೆ. ಹಿರಿಯ ಸಿಸ್ಟರ್ ಹೇಳಿದಂತೆ ಗಡಿಯಾರವನ್ನು ಕಿಸೆಗೆ ಪಿನ್ ಹಾಕಿ ತೂಗಬಿಟ್ಟಿದ್ದಳು. ಮೊದಲ ದಿನವೇ ಒಂದು ಹೆಣ್ಣು ಕೂಸು ಬಂತಂತೆ, ಬಂದ ಗಳಿಗೆ ಇದರಲ್ಲೇ ನೋಡಿ ಹೇಳಿದಳಂತೆ. ನಾನು ಬಟ್ಟಲು, ಅರಿವೆ ತಂದು ಹೊರಗಿನ ನಳದ ಬಳಿ ಇಟ್ಟೆ. ಅವಳು ಕಟ್ಟೆಯ ಮೇಲೆ ಕೂತು ಮೊಣಕೈವರೆಗೆ ನೊರೆ ಹಚ್ಚಿಕೊಳ್ಳಲು ತೋಳು ಮಡಚಿದಳು. ಗಡಿಯಾರ ಬಿಚ್ಚಿ ಎಲ್ಲಿಡಬೇಕೆಂದು ಸುತ್ತ ನೋಡಿ ನನ್ನ ಕಡೆ ಚಾಚಿದಳು.

"ವ್ಯಾಳ್ಯಾ ಹಿಡೀರಿ ಅತ್ಯಾ. ಬಸ್ಸಿಗಿ ಹೋಗ್ಬೇಕು, ಟೈಮ್ ನೋಡ್ತಿರ್ತೇನಿ."

ಅವಳ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಎರಡೂ ಅಂಗೈ ಜೋಡಿಸಿ, ಗಡಿಯಾರದ ಮುಖವನ್ನು ಅವಳ ಕಡೆ ತಿರುಗಿಸಿ, ಅಲುಗದ ಹಾಗೆ ಹಿಡಿದೆ. ಕಲೆ ನನಗೆ ಬಲಕ್ಕೆ, ಕೆಳಗೆ, ತನ್ನ ಜಾಗದಲ್ಲೇ ಇತ್ತು.